ಮೊದಲ ಕಾರು ಗುಜರಿಗೆ ಕೊಡೋದಾ, ಇಟ್ಟುಕೊಳ್ಳೋದಾ? ನಿಮ್ಮ ಮಾನ ಹೋದ ಕಥೆಯನ್ನೂ ಹೇಳಿ

ತೀರ್ಥಹಳ್ಳಿ_ಮಳೆ
ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ 1997ರ ಬಿಳಿ ಮಾರುತಿ 800 ನಿಂತಿದೆ. ಕೆಎ 14 ನಂಬರು. 2004ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಎರಡು ವರ್ಷದ ಅಡಿಕೆ ದುಡ್ಡು, ಅದರ ಮೇಲೆ ಸೊಸೈಟಿ ಸಾಲ. ಈಗ ನಾಲ್ಕು ವರ್ಷದಿಂದ ಹೊರಗೆ ತೆಗೆದಿಲ್ಲ. ಬಾನೆಟ್ ಮೇಲೆ ಕೋಳಿ ಮಲಗುತ್ತೆ. ಕಳೆದ ವಾರ ಗುಜರಿಯವನು ಬಂದು 18,000 ಅಂದ. ಮನೆಯವಳು "ಕೊಟ್ಟುಬಿಡಿ, ಆ ಜಾಗದಲ್ಲಿ ಸೌದೆ ಒಟ್ಟಬಹುದು" ಅಂತಾಳೆ. ಅವಳು ಹೇಳೋದೂ ಸರಿಯೇ. ಆದರೆ ಅವನು ದುಡ್ಡಿಗೆ ಜೇಬಿಗೆ ಕೈ ಹಾಕಿದಾಗ ನನ್ನ ಬಾಯಿಂದ "ನಾಳೆ ಬಾ" ಅಂತ ಬಂತು.

ಯಾಕೆ ಅಂತ ಹೇಳ್ತೀನಿ. ಗಾಡಿ ಮನೆಗೆ ಬಂದು ತಿಂಗಳೂ ಆಗಿರಲಿಲ್ಲ. ಲೈಸೆನ್ಸ್ ಇತ್ತು, ಕೈ ಕೂತಿರಲಿಲ್ಲ. ಅಮ್ಮನಿಗೆ ಉಡುಪಿ ಕೃಷ್ಣನ ಹರಕೆ ಬಾಕಿ ಇತ್ತು. ಅಪ್ಪ, ಅಮ್ಮ, ಅಜ್ಜಿ, ತಂಗಿ, ಚಿಕ್ಕಪ್ಪನ ಇಬ್ಬರು ಮಕ್ಕಳು, ನಾನು. ಒಟ್ಟು ಏಳು ಜನ. ಹೋಗುವಾಗ ಇಳಿಜಾರು, ತೊಂದರೆ ಆಗಲಿಲ್ಲ. ವಾಪಸ್ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಬೇಕಲ್ಲ, 14 ತಿರುವು. ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಎದುರಿಗೆ ಜೀಪ್ ಬಂತು, ನಿಲ್ಲಿಸಿದೆ. ಅಷ್ಟೇ. ಮತ್ತೆ ಎತ್ತೋಕೆ ಬರಲಿಲ್ಲ. ಕ್ಲಚ್ ಬಿಟ್ಟರೆ ಆಫ್, ಬ್ರೇಕ್ ಬಿಟ್ಟರೆ ಹಿಂದಕ್ಕೆ. ತಂಗಿ ಬಾಗಿಲು ತೆಗೆದು ಹಾರಿ, ರಸ್ತೆ ಬದಿಯಿಂದ ಕಲ್ಲು ತಂದು ಹಿಂದಿನ ಚಕ್ರಕ್ಕೆ ಒತ್ತಿಟ್ಟಳು. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಒಳಗೆಲ್ಲ. ಹಿಂದೆ ಮಿನಿ ಬಸ್ಸು, ಅದರ ಹಿಂದೆ ಗಾಡಿಗಳ ಸಾಲು. ಅಜ್ಜಿ ಇಳಿದು "ನಾನು ನಡೆದೇ ಬರ್ತೀನಪ್ಪ" ಅಂತ ಸೆರಗು ಸಿಕ್ಕಿಸಿ ಘಾಟಿ ಹತ್ತೋಕೆ ಶುರು ಮಾಡಿದರು. ಬಸ್ಸಿನ ಕಿಟಕಿ ತುಂಬ ಮುಖಗಳು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಬಸ್ಸಿನ ಡ್ರೈವರ್ ಇಳಿದು ಬಂದರು. ಬೈತಾರೆ ಅಂತ ತಲೆ ತಗ್ಗಿಸಿದೆ. "ಸ್ವಲ್ಪ ಆಚೆ ಸರಿ ತಮ್ಮಾ" ಅಂದು ಕೂತರು. ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ಚನ್ನು ಅರ್ಧಕ್ಕೆ ತಂದು, "ಮೂತಿ ಸ್ವಲ್ಪ ಮೇಲಕ್ಕೆ ಏಳುತ್ತೆ ನೋಡು, ಆಗ ಹ್ಯಾಂಡ್ ಬ್ರೇಕ್ ಬಿಡು" ಅಂದರು. ಎರಡು ತಿರುವು ಹತ್ತಿಸಿ, ಅಗಲ ಇದ್ದ ಕಡೆ ನಿಲ್ಲಿಸಿ, ನನ್ನ ಹೆಗಲು ತಟ್ಟಿ, ಬಸ್ಸಿಗೆ ವಾಪಸ್ ನಡೆದುಕೊಂಡು ಹೋದರು. ಅವರ ಹೆಸರು ಕೇಳಲಿಲ್ಲ. ಥ್ಯಾಂಕ್ಸ್ ಹೇಳಿದೆನಾ ಅನ್ನೋದೂ ನೆನಪಿಲ್ಲ. ಅವತ್ತು ಬರೀ ನಾಚಿಕೆ ಇತ್ತು. ಈಗ ಗಾಡಿ ನೋಡಿದರೆ ಅವರು ಆ ಇಳಿಜಾರಲ್ಲಿ ನಡೆದು ಹೋಗಿದ್ದೇ ಕಣ್ಣಿಗೆ ಬರುತ್ತೆ.

ನಿಮ್ಮ ಮೊದಲ ಕಾರು ಯಾವುದು? ಏನಾಯ್ತು ಅದಕ್ಕೆ? ನಾನು ಏನು ಮಾಡಲಿ?

ಕಡಲತಡಿ
ನಾನು ಹೆಬ್ರಿ ಕಡೆಯವಳು. ನಮ್ಮ ಮನೆಯಲ್ಲೂ ಕಲ್ಲು ಇಡುವ ಕೆಲಸ ನನ್ನದೇ ಆಗಿತ್ತು. ಅಣ್ಣನ ಗಾಡಿ ಹತ್ತುವ ಮೊದಲೇ ಕಾಲ ಕೆಳಗೆ ಒಂದು ಒಳ್ಳೆ ಕಲ್ಲು ಇಟ್ಟುಕೊಂಡು ಕೂರುತ್ತಿದ್ದೆ. ನಿಮ್ಮ ತಂಗಿಗೆ ನನ್ನ ನಮಸ್ಕಾರ ಹೇಳಿ.

ಪಾಕದ_ಮೈಸೂರು
ಕೊಡಬೇಡಿ. ಕೊಟ್ಟವನ ಮಾತು ಕೇಳಿ.

ನಮ್ಮದು 1978ರ ಫಿಯಟ್, ಅಪ್ಪ ಬುಕ್ ಮಾಡಿ ವರ್ಷಗಟ್ಟಲೆ ಕಾದು ತಗೊಂಡಿದ್ದು. ಸ್ಟೇರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರ್. ಮುಂದೆ ಉದ್ದ ಸೀಟು, ಮೂರು ಜನ ಆರಾಮಾಗಿ ಕೂರಬಹುದಿತ್ತು. ನಡುವೆ ನಾನು. ಅಪ್ಪ ಗೇರ್ ಹಾಕುವಾಗ ಅವರ ಮೊಣಕೈ ನನ್ನ ತಲೆಗೆ ತಾಗುತ್ತಿತ್ತು. ಆ ತಾಗುವಿಕೆ ಇವತ್ತಿಗೂ ನೆನಪಿದೆ.

ಕೈಗೆ ಬಂದಿದ್ದು 1991ರಲ್ಲಿ, ಅಪ್ಪ ಕಣ್ಣು ಆಪರೇಶನ್ ಮಾಡಿಸಿಕೊಂಡ ಮೇಲೆ. ಡಿಸೆಂಬರ್ ಬೆಳಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದೆ. ವಾಪಸ್ ಒತ್ತೋದು ಮರೆತೆ. ಚೋಕ್ ಎಳೆದಿದ್ದರೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ ಹೋಗುತ್ತೆ, ಪ್ಲಗ್‌ಗೆ ಮಸಿ ಹಿಡಿಯುತ್ತೆ. ಅದು ಅವತ್ತು ನನಗೆಲ್ಲಿ ಗೊತ್ತು? ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆ ಎದುರಿಗೇ, ಕರಿ ಹೊಗೆ ಬಿಟ್ಟು ನಿಂತಿತು. ಪಕ್ಕದಲ್ಲಿ ಹೆಣ್ಣು ನೋಡೋಕೆ ಹೊರಟ ಅಣ್ಣ, ಗರಿ ಗರಿ ಬಿಳಿ ಶರ್ಟು. ಹಿಂದೆ ಅಪ್ಪ ಅಮ್ಮ, ಮಡಿಲಲ್ಲಿ ಹಣ್ಣಿನ ಬುಟ್ಟಿ. ಹೂವಿನ ಅಂಗಡಿಯವರೇ ಬಂದು ತಳ್ಳಿದರು. ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಟ್ಟೆ, ಎದ್ದಿತು. ಒಬ್ಬ ಅಜ್ಜಿ ಓಡಿ ಬಂದು ಕಿಟಕಿಯಿಂದ ಎರಡು ಮೊಳ ಮಲ್ಲಿಗೆ ಒಳಗೆ ಹಾಕಿ "ದುಡ್ಡು ಬೇಡ, ಶುಭಕ್ಕೆ ಹೊರಟಿದ್ದೀರ, ಹೋಗಿ" ಅಂದರು. ಅಣ್ಣನ ಶರ್ಟಿನ ತೋಳು ಮಸಿಯಾಗಿತ್ತು. ಅತ್ತಿಗೆ ಒಪ್ಪಿದರು. ಆ ಮಸಿ ನೋಡಿಯೇ ಒಪ್ಪಿದ್ದು, ಕೆಲಸ ಮಾಡೋ ಹುಡುಗ ಅನ್ನಿಸಿತು ಅಂತ ಆಮೇಲೆ ಹೇಳಿದರು.

1999ರಲ್ಲಿ ಮಾರಿದೆವು. ಅಪ್ಪ ಅವತ್ತು ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ನಂಬರ್_ಪ್ಲೇಟ್
ಚೆನ್ನಾಗಿ ಬರೆದಿದ್ದೀರಿ. ಒಂದು ತಿದ್ದುಪಡಿ: 1978ರದ್ದು ಅಂದರೆ ಅದು ಪ್ರೀಮಿಯರ್ ಪದ್ಮಿನಿ. 1974ರಿಂದಲೇ ಆ ಹೆಸರು. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿತ್ತು, 1089 ಸಿಸಿ.

ಪಾಕದ_ಮೈಸೂರು
ಪುಸ್ತಕದಲ್ಲಿ ಏನೇ ಇರಲಿ ಸ್ವಾಮಿ, ನಮ್ಮ ಬೀದಿಯಲ್ಲಿ ಅದು ಫಿಯಟ್ಟೇ. ಅಪ್ಪನೂ ಫಿಯಟ್ ಅಂದರು, ಮೆಕ್ಯಾನಿಕ್ಕೂ ಫಿಯಟ್ ಅಂದ. ನಾನು ಪದ್ಮಿನಿ ಅಂದರೆ ಅಮ್ಮ ಯಾವ ಪದ್ಮಿನಿ ಅಂತ ಕೇಳುತ್ತಾರೆ.

ನಂಬರ್_ಪ್ಲೇಟ್
ಅದೂ ನಿಜ ಬಿಡಿ. ನಮ್ಮ ಮನೆಯಲ್ಲೂ ಹಾಗೇ. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಹೋದಾಗ ನನಗೆ ಮನೆಯವರನ್ನು ಕಳಿಸಿದ ಹಾಗಾಗಿತ್ತು.

ಮಂಡ್ಯದ_ಕಬ್ಬು
ಮಾರುತಿ, ಫಿಯಟ್ ಎಲ್ಲ ಸರಿ. ಕಾರು ಅಂದರೆ ಅಂಬಾಸಿಡರ್. ನಮ್ಮ ಚಿಕ್ಕಪ್ಪನ ಮದುವೆಗೆ ಒಂದೇ ಗಾಡಿಯಲ್ಲಿ 11 ಜನ ಹೋಗಿದ್ದೇವೆ, ಡಿಕ್ಕಿಯಲ್ಲಿ ಪಾತ್ರೆ ಬೇರೆ. 800ರಲ್ಲಿ ಏಳು ಜನ ತುಂಬಿ ಘಾಟಿ ಹತ್ತಿಸಿದರೆ ಅದು ನಿಲ್ಲದೆ ಇನ್ನೇನು ಮಾಡುತ್ತೆ?

ಗ್ಯಾರೇಜ್_ಅಣ್ಣ
ಏಳು ಜನರಿಂದ ಅಲ್ಲ ಅಣ್ಣಾ, ಹಾಫ್ ಕ್ಲಚ್ ಗೊತ್ತಿಲ್ಲದ್ದರಿಂದ. 796 ಸಿಸಿ ಆದರೂ ಗಾಡಿ ಹಗುರ. ಮೊದಲನೇ ಗೇರಲ್ಲಿ ಹಿಡಿದರೆ ಹತ್ತುತ್ತೆ. ಆ ಬಸ್ ಡ್ರೈವರ್ ಅದೇ ಗಾಡಿಯನ್ನೇ ಹತ್ತಿಸಲಿಲ್ವಾ? ಆದರೆ ಏಳು ಜನ ತುಂಬಿದ್ದು ತಪ್ಪೇ. ಬ್ರೇಕ್ ಅಷ್ಟು ಜನಕ್ಕೆ ಅಂತ ಮಾಡಿರೋದಲ್ಲ.

ಮಂಡ್ಯದ_ಕಬ್ಬು
ಒಪ್ಪಿದೆ. ಆದರೂ ಅಂಬಾಸಿಡರ್ ಅಂಬಾಸಿಡರ್ರೇ.

ನಂಬರ್_ಪ್ಲೇಟ್
ಇಬ್ಬರೂ ಜಗಳ ಆಡಬೇಡಿ. ಎರಡೂ ಒಂದೇ ವರ್ಷ ನಿಂತವು. 800ರ ತಯಾರಿಕೆ 2014ರ ಜನವರಿಯಲ್ಲಿ ಮುಗಿಯಿತು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಅದೇ ವರ್ಷ ಮೇ ತಿಂಗಳಲ್ಲಿ.

ಗಣಿತದ_ಮೇಡಂ
ಇಲ್ಲಿ ಎಲ್ಲರದ್ದೂ ಅಪ್ಪನ ಕಾರು, ಅಣ್ಣನ ಕಾರು. ನನ್ನದು ನನ್ನ ಕಾರು. ಹಾಸನ ಜಿಲ್ಲೆಯ ಹೈಸ್ಕೂಲಲ್ಲಿ ಗಣಿತ ಹೇಳುತ್ತಿದ್ದೆ. 2001ರಲ್ಲಿ, ನನಗೆ 41 ವರ್ಷ ಆದಾಗ, ನನ್ನ ಸಂಬಳದ ಸಾಲದಲ್ಲಿ 800 ತಗೊಂಡೆ. ಮನೆಯಲ್ಲಿ ಯಾರಿಗೂ ಓಡಿಸೋಕೆ ಬರುತ್ತಿರಲಿಲ್ಲ. ಯಜಮಾನರಿಗೆ ದೃಷ್ಟಿ ಸರಿ ಇರಲಿಲ್ಲ. "ಈ ವಯಸ್ಸಲ್ಲಿ ಯಾಕೆ" ಅಂದವರೇ ಜಾಸ್ತಿ.

ಮೊದಲ ದಿನ ಶಾಲೆಗೆ ಹೋದೆ. ಪ್ರಾರ್ಥನೆ ನಡೆಯುತ್ತಿತ್ತು. 400 ಮಕ್ಕಳು ಸಾಲಾಗಿ ನಿಂತಿದ್ದಾರೆ, ನಾಡಗೀತೆ ಅರ್ಧ ಆಗಿದೆ. ಗೇಟಿನ ಬಾಯಲ್ಲೇ ಗಾಡಿ ಆಫ್. ನಾಡಗೀತೆ ನಡೆಯುವಾಗ ಇಳಿಯೋದಾ, ಕೂರೋದಾ? ಇಳಿದು ಬಾಗಿಲ ಪಕ್ಕ ನೆಟ್ಟಗೆ ನಿಂತೆ. ಮುಗಿಯೋವರೆಗೆ ಬೆನ್ನಲ್ಲಿ ಬೆವರು ಇಳಿಯೋದು ಗೊತ್ತಾಗುತ್ತಿತ್ತು. ಮುಗಿದ ಕೂಡಲೇ ಹತ್ತನೇ ಕ್ಲಾಸಿನ ಹಿಂದಿನ ಬೆಂಚಿನ ಹುಡುಗರು, ಗಣಿತದಲ್ಲಿ ಯಾವತ್ತೂ ಪಾಸಾಗದವರು, ಓಡಿ ಬಂದರು. ಒಬ್ಬ ಕಿಟಕಿಯಲ್ಲಿ ಬಗ್ಗಿ ಹೇಳಿದ: "ಮೇಡಂ, ನೀವು ಕ್ಲಚ್ಚನ್ನ ಬಿಡ್ತಾ ಇಲ್ಲ, ಎಸೀತಾ ಇದ್ದೀರಿ. ಮೆಲ್ಲಗೆ." ಅವನ ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು. ಒಂದು ವಾರ ಸಂಜೆ ಶಾಲೆ ಮೈದಾನದಲ್ಲಿ ಅವನೇ ಪಕ್ಕದಲ್ಲಿ ಕೂತು ಹೇಳಿಕೊಟ್ಟ. ಆಮೇಲೆ ಅದೇ ಮೈದಾನದ ಕಟ್ಟೆ ಮೇಲೆ ನಾನು ಅವನಿಗೆ ವರ್ಗ ಸಮೀಕರಣ ಹೇಳಿಕೊಟ್ಟೆ. ಪಾಸಾದ.

ನಾನು 2016ರಲ್ಲಿ ಮಾರಿದೆ, ದುಃಖ ಇಲ್ಲ. ತಗೊಂಡವಳು ನರ್ಸಮ್ಮ, ಅವಳಿಗೂ ಮೊದಲ ಕಾರು. ಯಾರಿಗೆ ಕೊಡುತ್ತೀರಿ ಅನ್ನೋದು ಮುಖ್ಯ. ಗುಜರಿಗೆ ಬೇಡ.

ಕಡಲತಡಿ
ಮೇಡಂ, "ಎಸೀತಾ ಇದ್ದೀರಿ" ಅನ್ನೋದು ನಮ್ಮ ಡ್ರೈವಿಂಗ್ ಸ್ಕೂಲಿನವರು ಹೇಳಿದ್ದರೆ ನನಗೆ ಆರು ತಿಂಗಳು ಉಳಿಯುತ್ತಿತ್ತು.

ಬೆಂಗಳೂರು_ಟ್ರಾಫಿಕ್
15 ವರ್ಷ ಆದ ಪೆಟ್ರೋಲ್ ಗಾಡಿ ರಸ್ತೆಗೇ ತರುವ ಹಾಗಿಲ್ಲ ಅಲ್ವಾ? ಗುಜರಿಗೇ ಹಾಕಬೇಕು.

ನಂಬರ್_ಪ್ಲೇಟ್
ಅದು ದೆಹಲಿ ಸುತ್ತಮುತ್ತಲಿನ ಮಾತು, ಎಲ್ಲರೂ ಇಲ್ಲಿಗೂ ಅದೇ ಅಂದುಕೊಳ್ತಾರೆ. ನಮ್ಮಲ್ಲಿ ಸ್ವಂತ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ಆರ್‌ಟಿಓದಲ್ಲಿ ಗಾಡಿ ತೋರಿಸಿ ಪಾಸಾದರೆ ಐದೈದು ವರ್ಷಕ್ಕೆ ಮುಂದುವರಿಸಬಹುದು. ಹಸಿರು ತೆರಿಗೆ ಕಟ್ಟಬೇಕು. ನವೀಕರಣದ ಶುಲ್ಕ ಮಾತ್ರ ಏರಿದೆ. ಕಾರಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯ್ತು. 20 ವರ್ಷ ದಾಟಿದ್ದಕ್ಕೆ ಈಚೆಗೆ ಇನ್ನೂ ಜಾಸ್ತಿ ಮಾಡಿದ್ದಾರೆ. ಜೊತೆಗೆ ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್. ಖರ್ಚು ಇದೆ, ದಾರಿಯೂ ಇದೆ.

ಹುಬ್ಳಿ_ಮಿರ್ಚಿ
ನಾನು ಬರೆಯಲೋ ಬೇಡವೋ ಅಂತ ಎರಡು ದಿನ ನೋಡಿದೆ.

ನಮ್ಮ ಮನೆಯ ಮೊದಲ ಕಾರು ನ್ಯಾನೋ. 2010. ಅಪ್ಪ ಹಳೇ ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಅಲ್ಲಿವರೆಗೆ ನಾವು ನಾಲ್ಕೂ ಜನ ಒಂದೇ ಸ್ಕೂಟರ್ ಮೇಲೆ. ನಾನು ಮುಂದೆ ನಿಂತು, ತಮ್ಮ ಅವ್ವನ ಮಡಿಲಲ್ಲಿ. ಮಳೆ ಬಂದರೆ ಪೆಟ್ರೋಲ್ ಬಂಕಿನ ಮಾಡಿನ ಕೆಳಗೆ. ಆ ಕಾರು ನಮ್ಮಂಥವರಿಗೆ ಅಂತಲೇ ಬಂದಿದ್ದು. ಬಂದ ದಿನ ಅವ್ವ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಳು. ಓಣಿಯವರೆಲ್ಲ ಒಂದೊಂದು ಸುತ್ತು ಹೋಗಿ ಬಂದರು.

ನಾನು ಆಗ ಪಿಯುಸಿ, ವಿದ್ಯಾನಗರದ ಕಡೆ ಕಾಲೇಜು. ನ್ಯಾನೋಗೆ ಪೆಟ್ರೋಲ್ ಹಾಕಬೇಕಾದರೆ ಮುಂದಿನ ಬಾನೆಟ್ ಎತ್ತಬೇಕು, ಎಂಜಿನ್ ಹಿಂದೆ. ಒಂದು ದಿನ ಬಂಕಿನಲ್ಲಿ ಅಪ್ಪ ಬಾನೆಟ್ ಎತ್ತಿದ್ದನ್ನು ನೋಡಿ ನನ್ನ ಕ್ಲಾಸಿನ ಹುಡುಗರು "ಏ, ಕೆಟ್ಟು ನಿಂತೈತಿ ನೋಡ್ರಲೇ" ಅಂತ ನಕ್ಕರು. ಅಪ್ಪನೂ ಅವರ ಜೊತೆ ನಕ್ಕು, "ಇಲ್ಲಪ್ಪಾ, ಇದಕ್ಕ ಹೊಟ್ಟಿ ಮುಂದ ಐತಿ" ಅಂದರು. ನಾನು ನಗಲಿಲ್ಲ. ಮರುದಿನ ಅಪ್ಪನಿಗೆ ಹೇಳಿದೆ: "ಗೇಟಿನ ತನಕ ಬರಬ್ಯಾಡ್ರಿ, ಆ ಮೂಲಿಗೇ ನಿಲ್ಲಸ್ರಿ." ಯಾಕೆ ಅಂತ ಅಪ್ಪ ಕೇಳಲಿಲ್ಲ. ಅವತ್ತಿನಿಂದ ಎರಡು ವರ್ಷ, ಜೋರು ಮಳೆ ಇದ್ದರೂ, ಆ ಮೂಲೆಯಲ್ಲೇ ನಿಲ್ಲಿಸುತ್ತಿದ್ದರು. ನಾನು ಇಳಿದ ಮೇಲೆ ಕಿಟಕಿ ಇಳಿಸಿ ಛತ್ರಿ ಕೊಡುತ್ತಿದ್ದರು.

ಇದು ನನ್ನ ನಾಚಿಕೆ. ಕಾರಿನದ್ದಲ್ಲ. ಎಲ್ಲರೂ ನ್ಯಾನೋ ಅಂದರೆ ನಗುತ್ತಾರೆ, 624 ಸಿಸಿ, ಒಂದೇ ವೈಪರ್ ಅಂತ. ಆ ಒಂದು ವೈಪರ್ ನಮ್ಮ ನಾಲ್ಕೂ ಜನರ ಮೇಲೆ ಮಳೆ ಬೀಳೋದನ್ನು ನಿಲ್ಲಿಸಿದ್ದು. ಅಪ್ಪ ಈಗ ಅಂಗಡಿ ಬಿಟ್ಟಿದ್ದಾರೆ. ಕಾರು ಇದೆ, ಓಡುತ್ತೆ. ಹೋದ ತಿಂಗಳು ಅಪ್ಪನನ್ನು ಕೂರಿಸಿಕೊಂಡು ಆ ಕಾಲೇಜಿನ ಗೇಟಿನ ತನಕ ಹೋಗಿ ನಿಲ್ಲಿಸಿದೆ. ಏನೂ ಹೇಳೋಕೆ ಆಗಲಿಲ್ಲ. ಅಪ್ಪ "ಬಿಸಿಲು ಭಾಳ ಐತಿ, ನಡಿ ಮನಿಗಿ" ಅಂದರು.

ಗಣಿತದ_ಮೇಡಂ
ಮಗೂ, ಅವರಿಗೆ ಗೊತ್ತಾಗಿದೆ. ಅಷ್ಟು ಸಾಕು.

ಮಂಡ್ಯದ_ಕಬ್ಬು
ನಾನೂ ನ್ಯಾನೋ ನೋಡಿ ನಕ್ಕವನೇ. ಇನ್ನು ನಗಲ್ಲ.

ನ್ಯೂಜೆರ್ಸಿ_ಕನ್ನಡಿಗ
ನನ್ನ ಮೊದಲ ಕಾರು ಇಲ್ಲಿಗೆ ಬಂದ ಮೇಲೆ, 2003ರಲ್ಲಿ. ಊರಿಗೆ ವಾಪಸ್ ಹೊರಟ ತೆಲುಗು ಹುಡುಗನೊಬ್ಬನಿಂದ ಹಳೇ ಕೊರೊಲ್ಲಾ. ಮೂರು ತಿಂಗಳು ಬಲಗಡೆ ಬಾಗಿಲು ತೆಗೆದು ಕೂತು, ಸ್ಟೇರಿಂಗ್ ಇಲ್ಲ ಅಂತ ನೋಡಿ, ಇಳಿದು ಸುತ್ತಿ ಬರುತ್ತಿದ್ದೆ. ಊರಲ್ಲಿ ಮಾವನ ಕಾರಲ್ಲಿ ಇಂಡಿಕೇಟರ್ ಬಲಗೈಗೆ, ಇಲ್ಲಿ ಎಡಗೈಗೆ. ಹಾಗಾಗಿ ತಿರುಗುವಾಗೆಲ್ಲ ಬಿಸಿಲಲ್ಲಿ ವೈಪರ್ ಓಡುತ್ತಿತ್ತು. ಡ್ರೈವಿಂಗ್ ಟೆಸ್ಟ್ ದಿನವೂ ಹಾಗೇ ಆಯ್ತು. ಟೆಸ್ಟ್ ತಗೊಳ್ಳುವ ಅಮ್ಮ ಆಕಾಶ ನೋಡಿದರು. ಫೇಲ್.

ಎರಡನೇ ಸಲ ಪಾಸಾದ ಮೇಲೆ ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ವಾಹನ ಪೂಜೆ ಮಾಡಿಸಿದೆ. ಹಿಮದ ಮೇಲೆ ನಿಂಬೆಹಣ್ಣು ಇಟ್ಟು ಗಾಡಿ ಹತ್ತಿಸಿದಾಗ ಟಪ್ ಅಂತ ಸದ್ದು ಬಂತು. ಅಲ್ಲಿವರೆಗೆ ಈ ಊರು ನಮ್ಮದಲ್ಲ ಅನ್ನಿಸುತ್ತಿತ್ತು. ಫೋನಲ್ಲಿ ಅಮ್ಮನಿಗೆ ಹೇಳಿದೆ, "ನಿಂಬೆಹಣ್ಣು ಸರಿಯಾಗಿ ಒಡೀತಾ?" ಅಂತ ಅದನ್ನೇ ಎರಡು ಸಲ ಕೇಳಿದರು.

ಬಾಡಿಗೆ_ಓಮ್ನಿ
ನಾನು ಬೇರೆ ಮಾತು ಹೇಳ್ತೀನಿ, ಬೇಜಾರಾಗಬೇಡಿ. ಗಾಡಿ ನಿಲ್ಲಿಸಿ ಪೂಜೆ ಮಾಡೋದಕ್ಕಲ್ಲ, ಓಡೋದಕ್ಕೆ. ನನ್ನ ಮೊದಲ ಗಾಡಿ ಓಮ್ನಿ, ಎಂಜಿನ್ ನಿಮ್ಮ 800ರದ್ದೇ. ಚಿತ್ರದುರ್ಗದ ಸುತ್ತಮುತ್ತ ಬಾಡಿಗೆ ಓಡಿಸಿದೆ. ಹೆರಿಗೆಗೆ ಕರೆದುಕೊಂಡು ಹೋಗಿದ್ದೇನೆ, ಹೆಣ ತಂದಿದ್ದೇನೆ, ಶಾಲೆ ಮಕ್ಕಳನ್ನು ಬಿಟ್ಟಿದ್ದೇನೆ. ಮಗಳ ಡಿಪ್ಲೊಮಾ ಫೀಸಿಗೆ ಮಾರಿದೆ. ಎರಡು ವರ್ಷ ಬಿಟ್ಟು ದಾವಣಗೆರೆಯಲ್ಲಿ ಸಿಗ್ನಲ್ ಹತ್ತಿರ ಅದೇ ಓಮ್ನಿ ಕಂಡೆ. ಹಿಂದಿನ ಗಾಜಿನ ಮೇಲೆ ಮಗಳ ಹೆಸರು ಹಾಗೇ ಇತ್ತು, ಅವರು ಕೆರೆದು ಹಾಕಿರಲಿಲ್ಲ. ಒಳಗೆ ತರಕಾರಿ ಕ್ರೇಟು ತುಂಬಿತ್ತು. ಸಿಗ್ನಲ್ ಬಿಟ್ಟರೂ ನಾನು ನಿಂತೇ ಇದ್ದೆ. ಆದರೆ ಸಂತೋಷವೇ ಆಯ್ತು, ಕೆಲಸ ಮಾಡ್ತಾ ಇದೆಯಲ್ಲ ಅಂತ. ನಿಮ್ಮದನ್ನು ಓಡಿಸುವುದಾದರೆ ಇಟ್ಟುಕೊಳ್ಳಿ. ಕೋಳಿ ಮಲಗೋಕೆ ಆದರೆ ಕೊಟ್ಟುಬಿಡಿ.

ಗ್ಯಾರೇಜ್_ಅಣ್ಣ
ಬಾಡಿಗೆ ಅಣ್ಣ ಹೇಳಿದ್ದು ಸರಿ. ತೀರ್ಥಹಳ್ಳಿಯವರೇ, ಮೊದಲು ಅದು ಏಳುತ್ತಾ ನೋಡಿ, ಆಮೇಲೆ ಯೋಚಿಸಿ. ಆದರೆ ಸುಮ್ನೆ ಕೀ ತಿರುಗಿಸಬೇಡಿ. ನಾಲ್ಕು ವರ್ಷದ ಪೆಟ್ರೋಲ್ ಅಂಟಿನ ಹಾಗೆ ಆಗಿರುತ್ತೆ, ಟ್ಯಾಂಕಿಂದ ಪೂರ್ತಿ ಇಳಿಸಿ. ನಿಮ್ಮದು 1997, ಗಾಳಿ ಪೆಟ್ರೋಲ್ ಬೆರೆಸೋ ಕಾರ್ಬುರೇಟರ್ ಇರೋ ಗಾಡಿ, ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲ್ ಚಿಮ್ಮಿಸೋ ಎಂಪಿಎಫ್‌ಐ ಬಂದಿದ್ದು ಆಮೇಲೆ. ಕಾರ್ಬುರೇಟರ್ ಬಿಚ್ಚಿ ಜೆಟ್, ಅಂದರೆ ಪೆಟ್ರೋಲ್ ಬರೋ ಸಣ್ಣ ತೂತು, ತೊಳೆಸಿ. ಎಂಜಿನ್ ಆಯಿಲ್ ಬದಲಿಸಿ. ಪ್ಲಗ್ ಬಿಚ್ಚಿ ಒಂದೊಂದು ಚಮಚ ಆಯಿಲ್ ಬಿಟ್ಟು, ಕೈಯಲ್ಲಿ ಎಂಜಿನ್ ತಿರುಗುತ್ತಾ ನೋಡಿ. ಟೈಮಿಂಗ್ ಬೆಲ್ಟ್ ರಬ್ಬರಿನದ್ದು, ಹೊಸದು ಹಾಕದೆ ದೂರ ಹೋಗಬೇಡಿ. ನಿಮ್ಮ ಮಳೆಗೆ, ಪ್ಲಗ್ಗಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಹಿಡಿದಿರುತ್ತೆ, ಒಣ ಬಟ್ಟೆಯಲ್ಲಿ ಒರೆಸಿ. ಇಲಿ ವೈರ್ ಕಡಿದಿದೆಯಾ ನೋಡಿ. ಬ್ರೇಕ್ ಪೂರ್ತಿ ಮಾಡಿಸದೆ ಶೆಡ್ಡಿಂದ ಹೊರಗೆ ತೆಗೆಯಲೇ ಬೇಡಿ.

ಪಾಕದ_ಮೈಸೂರು
ಗ್ಯಾರೇಜ್ ಅಣ್ಣಾ, ಬೇಸಿಗೆಯಲ್ಲಿ ಗಾಡಿ ನಿಂತರೆ ಅಪ್ಪ ಬಾನೆಟ್ ಎತ್ತಿ ಒಳಗಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರಲ್ಲ, ಅದು ಯಾಕೆ?

ಗ್ಯಾರೇಜ್_ಅಣ್ಣ
ಆ ಕಾಲದ ಗಾಡಿಗಳಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಬಿಸಿಗೆ ಪೈಪಿನೊಳಗಿನ ಪೆಟ್ರೋಲ್ ಆವಿ ಆಗುತ್ತೆ. ಪಂಪು ಆವಿಯನ್ನು ಎಳೆಯೋಕಾಗದೆ ಸುಮ್ನೆ ಬಡಿದುಕೊಳ್ಳುತ್ತೆ. ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾದರೆ ತಣ್ಣಗಾಗಿ ಎದ್ದುಬಿಡುತ್ತಿತ್ತು. ನಿಮ್ಮ ಅಪ್ಪನಿಗೆ ಕೆಲಸ ಗೊತ್ತಿತ್ತು.

ಪಾಕದ_ಮೈಸೂರು
ಇದನ್ನು ಅಮ್ಮನಿಗೆ ಓದಿ ಹೇಳಿದೆ. ಆ ಬಟ್ಟೆ ಅವರ ಹಳೇ ಸೀರೆಯ ಅಂಚಂತೆ. ನೀಲಿ ಬಣ್ಣ.

ತೀರ್ಥಹಳ್ಳಿ_ಮಳೆ
ಎಲ್ಲರದ್ದೂ ಓದಿದೆ. ಹುಬ್ಬಳ್ಳಿಯವರದ್ದು ಓದಿ ಸ್ವಲ್ಪ ಹೊತ್ತು ಎದ್ದು ಹೊರಗೆ ಹೋದೆ.

ನಿನ್ನೆ ಭಾನುವಾರ ತಂಗಿ ಬಂದಿದ್ದಳು. ಇಬ್ಬರೂ ಸೇರಿ ಶೆಡ್ ಗುಡಿಸಿದೆವು. ಗ್ಯಾರೇಜ್ ಅಣ್ಣ ಹೇಳಿದ ಹಾಗೆ ಪೆಟ್ರೋಲ್ ಇಳಿಸಿದೆ, ಬೆಲ್ಲದ ಪಾಕದ ಬಣ್ಣ ಬಂದಿತ್ತು. ಪ್ಲಗ್ ಬಿಚ್ಚಿ ನೋಡಿದರೆ ಎಂಜಿನ್ ಕೈಗೆ ತಿರುಗುತ್ತೆ, ಕಚ್ಚಿಕೊಂಡಿಲ್ಲ. ಇಲಿ ಹಿಂದಿನ ಸೀಟಿನೊಳಗೆ ಗೂಡು ಮಾಡಿತ್ತು. ಸೀಟು ಎತ್ತಿದಾಗ ತಂಗಿ ಕೂಗಿದಳು. ಹಾವೋ ಏನೋ ಅಂತ ಓಡಿ ಬಂದೆ. ಅವಳ ಕೈಯಲ್ಲಿ ಕಲ್ಲು. ಕಪ್ಪು ಕಲ್ಲು, ಒಂದು ಕಡೆ ಚಪ್ಪಟೆ. ಅವತ್ತು ಆಗುಂಬೆಯಲ್ಲಿ ಇಟ್ಟಿದ್ದೇ. ಗಾಡಿ ಎದ್ದ ಮೇಲೆ ಮತ್ತೆ ಬೇಕಾಗಬಹುದು ಅಂತ ಒಳಗೆ ಹಾಕಿಕೊಂಡಿದ್ದಳಂತೆ. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅದನ್ನು ಇಟ್ಟುಕೊಂಡೇ ಶೃಂಗೇರಿ, ಧರ್ಮಸ್ಥಳ, ಅವಳ ಮದುವೆಯ ದಿಬ್ಬಣ ಎಲ್ಲ ಸುತ್ತಿದ್ದೇವೆ.

ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಅಂದೆ. ಸೌದೆಗೆ ಪಕ್ಕದಲ್ಲಿ ಬೇರೆ ಮಾಡು ಹಾಕಿಕೊಡ್ತೀನಿ ಅಂತ ಮನೆಯವಳಿಗೆ ಮಾತು ಕೊಟ್ಟಿದ್ದೇನೆ. ಅಮ್ಮ ಕೇಳಿದ್ದು ಒಂದೇ: "ಉಡುಪಿಗೆ ಯಾವಾಗ?"

ಗ್ಯಾರೇಜ್_ಅಣ್ಣ
ಬ್ರೇಕ್ ಆದ ಮೇಲೆ ಅಂತ ಹೇಳಿ. ನಾಲ್ಕೂ ಚಕ್ರದ ಬ್ರೇಕ್ ಬಿಚ್ಚಿಸಿ, ಒಂದನ್ನು ಮಾತ್ರ ನೋಡಿ ಬಿಡಬೇಡಿ.

ಕಡಲತಡಿ
ಈ ಸಲ ಐದೇ ಜನ. ಕಲ್ಲು ಇರಲಿ.